ಬರ್ಫದ ಪಾಸಿಗಾಗಿ ಸತ್ತ ಮಾವ

ನನ್ನ ಮಾವ ಭಾಗಪ್ಪ 1961ರ ಫೆಬ್ರುವರಿಯಲ್ಲಿ ಎರಡು ಸಲ ಸತ್ತ. ಮೊದಲ ಸಲ ಹೆಂಡತಿಗಾಗಿ, ಎರಡನೆಯ ಸಲ ನನ್ನ ಕೈಬರಹದಲ್ಲಿ. ಊರವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಎಲ್ಲ ಶುರುವಾದದ್ದು ಮೈದುನ ದಶರಥನ ಪತ್ರದಿಂದ. ಅವನು ಮಿಲಿಟರಿಯಲ್ಲಿ ಅಡುಗೆಯವ. ಕಾಶ್ಮೀರದ ಗುಲ್ಮರ್ಗದಲ್ಲಿ ಸಿಪಾಯಿಗಳಿಗೆ ಬರ್ಫದ, ಅಂದರೆ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಾರಂತೆ, ಅಲ್ಲಿ ಇವನು ಚಪಾತಿ ಬೇಯಿಸುತ್ತಿದ್ದ. ಮೂರು ವರ್ಷದಿಂದ ಮನೆಯ ಮುಖ ಕಂಡಿರಲಿಲ್ಲ. ಪತ್ರದಲ್ಲೊಂದು ಫೋಟೋ ಇತ್ತು. ಬೆಳ್ಳಗಿನ ಗುಡ್ಡ, ಕಟ್ಟಿಗೆಯ ಮನೆಗಳು, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಲ್ಲು ಕಿರಿಯುತ್ತಿರುವ ದಶರಥ. ‘ಚಳಿಗಾಲದಾಗ ನನಗ ರಜಾ ಸಿಗಂಗಿಲ್ಲ. ಅಣ್ಣಗ ರೈಲ್ವೆ ಪಾಸು ಐತಲ್ಲ, ನೀವ ಎಲ್ಲಾರೂ ಬರ್ರಿ. ಒಂದು ಖೋಲಿ ಹೇಳಿಟ್ಟೀನಿ. ಹದಿನೈದು ದಿನ ಬರ್ಫದಾಗ ಜಾರಿ ಆಡಿ ಹೋಗ್ರಿ’ ಎಂದು ಬರೆದಿದ್ದ.

ನನ್ನ ಗಂಡ ಅಂಬಾದಾಸ ವಿಜಾಪುರ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಹನ್ನೆರಡು ವರ್ಷದ ನೌಕರಿಯಲ್ಲಿ ಅವನ ಪಾಸಿನ ಮೇಲೆ ನಾವು ಕಂಡ ಅತಿ ದೂರದ ಊರು ಸೊಲ್ಲಾಪುರ. ಅದೂ ಹಲ್ಲು ಕೀಳಿಸಲಿಕ್ಕೆ.

ಅತ್ತೆ ಮಾಳವ್ವ ಪತ್ರವನ್ನು ಮೂರು ಸಲ ಓದಿಸಿದಳು. ಫೋಟೋದಲ್ಲಿ ಮಗನ ಮುಖ ಜೋಳದ ಕಾಳಿನಷ್ಟಿತ್ತು. ಆದರೂ “ಸೊರಗ್ಯಾನ” ಎಂದಳು. ಆಮೇಲೆ, “ಯಾವಾಗ ಹೋಗೂದು?” ಎಂದಳು.

ಆ ವಾರವೆಲ್ಲ ಇಬ್ರಾಹಿಂಪುರದ ನಮ್ಮ ಎರಡು ಖೋಲಿಯ ಮನೆಯಲ್ಲಿ ಬರ್ಫದ್ದೇ ಮಾತು. ನಾನು ನೂರು ಕಟಕ ರೊಟ್ಟಿ ಬಡಿದೆ, ಶೇಂಗಾ ಹಿಂಡಿ ಕುಟ್ಟಿದೆ. ಅತ್ತೆ ಕುರುಬರ ಅಮಸಿದ್ದನಿಂದ ನಾಲ್ವರಿಗೂ ಕರಿ ಕಂಬಳಿ ತಂದಳು. ದಶರಥನಿಗೆಂದು ಐದನೆಯದನ್ನೂ ತಂದಳು. ಮಾವ ಹಳಿ ರಿಪೇರಿಯ ಗ್ಯಾಂಗಿನ ಕೆಲಸದಿಂದ ನಿವೃತ್ತನಾಗಿದ್ದರೂ ಕೈ ಸುಮ್ಮನಿರದ ಮನುಷ್ಯ. ಫೋಟೋ ಮುಂದಿಟ್ಟುಕೊಂಡು ಹಳೆಯ ಚಕ್ಕಡಿಯ ಹಲಗೆ ಸೀಳಿ ಜಾರುವ ಪಟ್ಟಿಗಳನ್ನು ಮಾಡಿದ. ತುದಿ ಬಾಗಿಸಬೇಕೆಂದು ಅವುಗಳನ್ನು ನನ್ನ ಬಚ್ಚಲ ಹಂಡೆಯಲ್ಲಿ ನಿಲ್ಲಿಸಿ ಕುದಿಸಿದ. ನಾಲ್ಕು ದಿನ ಮನೆಯಲ್ಲಿ ಯಾರೂ ಜಳಕ ಮಾಡಲಿಲ್ಲ.

ಜಾರುವುದನ್ನು ಕಲಿಯದೆ ಹೋದರೆ ಮರ್ಯಾದೆ ಏನುಳಿದೀತು? ಟಿಕೋಟಾದ ಆಚೆ ಬಿಜ್ಜರಗಿ ಮಾವನ ಹುಟ್ಟೂರು. ಅಲ್ಲಿ ಅವನ ಗೆಳೆಯ ಖಂಡಪ್ಪನ ಕಣದಲ್ಲಿ ಆಗ ಜೋಳದ ರಾಶಿ ನಡೆದಿತ್ತು, ತೂರಿದ ಹೊಟ್ಟು ಆಳೆತ್ತರ ಬಿದ್ದಿತ್ತು. ಮಾವ ಪಟ್ಟಿ ಕಟ್ಟಿಕೊಂಡು ಅದರ ನೆತ್ತಿಗೆ ಹತ್ತಿದ, ಮೂಗಿನ ಮೇಲೆ ಇಳಿದ. ಮತ್ತೆ ಹತ್ತಿದ, ಬೆನ್ನಿನ ಮೇಲೆ ಇಳಿದ.

“ಲೇ ಭಾಗಪ್ಪ, ಬೀಳಾಕ ಕಾಶ್ಮೀರ ಯಾಕ ಬೇಕೋ? ಅದು ಇಲ್ಲೇ ಛಲೋ ಬರಾಕತ್ತೈತಲ್ಲ” ಎಂದ ಖಂಡಪ್ಪ.

ಅಂಥಾದ್ದರಲ್ಲಿ ಒಂದು ಸಂಜೆ ಗಂಡ ಮುಖ ಇಳಿಬಿಟ್ಟುಕೊಂಡು ಬಂದ. ಪಾಸು ಬರೆಯುವ ಅಲ್ಲಾಉದ್ದೀನ ಸಾಹೇಬರು ಕಾನೂನು ಹೇಳಿದ್ದರಂತೆ. ಪಾಸಿಗೆ ತಂದೆಯ ಹೆಸರು ಹತ್ತುವುದೇ ಇಲ್ಲ. ತಾಯಿಯ ಹೆಸರು ಹತ್ತಬೇಕಾದರೆ ಆಕೆ ವಿಧವೆಯಾಗಿರಬೇಕು.

ಅತ್ತೆ ಎದ್ದು ಐದನೆಯ ಕಂಬಳಿಯನ್ನು ಮಡಚಿ ಟ್ರಂಕಿನಲ್ಲಿಟ್ಟಳು. ನನಗೆ ಸಂಕಟವಾಯಿತು. ಜಗಳವಾಡುವ ಅತ್ತೆಯನ್ನು ನಾನು ಸಂಭಾಳಿಸಬಲ್ಲೆ, ಸುಮ್ಮನಿರುವ ಅತ್ತೆಯನ್ನಲ್ಲ.

“ಅದಕ್ಯಾಕ ಇಷ್ಟು ಚಿಂತಿ?” ಎಂದ ಮಾವ. “ಹದಿನೈದು ದಿನ ನಾ ಸಾಯ್ತೀನಿ. ನೀವು ತಿರುಗಿ ಬಂದ ಮ್ಯಾಲ ಎದ್ದು ಕುಂದರ್ತೀನಿ.”

“ಅಷ್ಟು ಕಷ್ಟಪಟ್ಟು ಮಾಡಿದ ಹಲಿಗಿ?” ಎಂದೆ ನಾನು.

“ನಾ ಖಂಡಪ್ಪನ ಹೊಟ್ಟಿನ್ಯಾಗ ಜಾರ್ತೀನಿ. ಆಕಿ ಮಗನ್ನ ನೋಡಿ ಬರ್ಲಿ.”

“ನನ್ನ ನೌಕರಿ ಹೋಗತೈತಿ ಯಪ್ಪಾ!” ಎಂದು ಗಂಡ ಗೋಳಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಾಲೀಮು ನಡೆಯಿತು. ನಾನೇ ಸಾಹೇಬಳು. ‘ನಿಮ್ಮ ಯಜಮಾನರು ಯಾವಾಗ ತೀರಿಕೊಂಡರು’ ಎಂದು ಕೇಳಿದರೆ ಸಾಕು, ಅತ್ತೆ ಸೆರಗು ಬಾಯಿಗೊತ್ತಿ ಎಷ್ಟು ಚಂದ ಅಳುತ್ತಿದ್ದಳೆಂದರೆ ಮಾವನ ಕಣ್ಣುಗಳೇ ಒದ್ದೆಯಾದವು. “ನನ್ನ ಮ್ಯಾಲ ಇಷ್ಟು ಜೀವ ಐತೇನಬೇ?” ಎಂದು ಕೇಳಿದ. “ಸತ್ತ ಮ್ಯಾಲ ಬಂದೈತಿ” ಎಂದಳು ಅತ್ತೆ.

ಸೋಮವಾರ ಅತ್ತೆ ಕುಂಕುಮ ಒರೆಸಿ, ಬಳೆ ಕಳಚಿಟ್ಟು ನಮ್ಮ ಜೊತೆ ಕಚೇರಿಗೆ ಬಂದಳು. ಗಂಡ ಅವಳ ಹಿಂದೆ ನಿಂತ. ಮಾವನಿಗೆ ಮನೆಯಲ್ಲೇ ಇರೆಂದು ಹೇಳಿದ್ದೆವು. ತನ್ನ ಸಾವು ಹೇಗೆ ನಡೆಯುತ್ತದೆಂದು ನೋಡುವ ಆಸೆ ಯಾರಿಗಿರುವುದಿಲ್ಲ? ಹಿಂದಿನಿಂದ ಬಂದು ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕುಳಿತಿದ್ದ.

ಸಾಹೇಬರು ಕೇಳಿದ್ದಕ್ಕೆಲ್ಲ ಅತ್ತೆ ಸರಿಯಾಗಿಯೇ ಉತ್ತರ ಕೊಟ್ಟಳು. ಎದೆ ನೋವು ಬಂತು, ಹೋದ ದೀಪಾವಳಿಯಲ್ಲಿ, ಮಗನೇ ಮಣ್ಣು ಮಾಡಿದ. ಅವರು ಮರುಗಿ, ಲೇಖಣಿ ಎತ್ತಿ, “ಅವರ ಹೆಸರೇನ್ರಿ?” ಎಂದರು. ಗಂಡ ಬಾಯಿ ತೆಗೆದ. “ನೀ ಸುಮ್ನಿರು, ಅವ್ವನ ಬಾಯಿಂದ ಬರ್ಲಿ” ಎಂದರು.

ಇದೊಂದನ್ನು ನಾವು ತಾಲೀಮು ಮಾಡಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯವರು ಬೌದ್ಧರಾದಾಗ ಅತ್ತೆ ಹಳೆಯ ಉಪವಾಸ ಬಿಟ್ಟಳು, ಹರಕೆ ಬಿಟ್ಟಳು. ಗಂಡನ ಹೆಸರು ಬಾಯಿಂದ ತೆಗೆಯಬಾರದೆಂಬ ರೂಢಿಯನ್ನು ಮಾತ್ರ ಬಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ ಮನುಷ್ಯನನ್ನೇ ಬೆರಳು ಮಾಡಿ ತೋರಿಸಿಬಿಡುವುದು ಅವಳ ನಲವತ್ತು ವರ್ಷದ ಪದ್ಧತಿ. ಕೈ ತಾನಾಗಿಯೇ ಎದ್ದಿತು.

“ಅಕಾ ನೋಡ್ರಿ ಸಾಹೇಬ್ರ, ಆ ಬೇವಿನ ಗಿಡದ ಬುಡಕ ಬೀಡಿ ಸೇದಾಕತ್ತಾನಲ್ಲ, ಅವನ ಹೆಸರು ಬರಕೋರಿ.”

ಸಾಹೇಬರು ಕಿಟಕಿಯಿಂದ ನೋಡಿದರು. ಸತ್ತ ಮಾವ ಎದ್ದು ನಿಂತು ಸಲಾಮು ಹೊಡೆದ.

ಅವರು ಅರ್ಜಿಯನ್ನು ನಾಲ್ಕು ಚೂರು ಮಾಡಿದರು. “ಅಂಬಾದಾಸ, ನಾ ಏನೂ ಕೇಳಿಲ್ಲ, ಏನೂ ನೋಡಿಲ್ಲ. ನಿಮ್ಮಪ್ಪಗ ಬೀಡಿ ಕಡಿಮಿ ಮಾಡಂತ ಹೇಳು” ಎಂದರು. ದೇವರಂಥ ಮನುಷ್ಯ.

ಮನೆಗೆ ಬಂದು ಅತ್ತೆ ಬಳೆ ಏರಿಸಿಕೊಂಡಳು. “ನೀವಿಬ್ಬರೂ ಹೋಗಿ ಬರ್ರಿ. ಅವ ಹೆಂಗದಾನ ಅಂತ ನನಗ ಬಂದು ಹೇಳ್ರಿ” ಎಂದಳು.

ಮರುದಿನ ಮಾವ ಒಲೆಯ ಹತ್ತಿರ ಬಂದು ಪಿಸುಗುಟ್ಟಿದ. “ರುಕ್ಮವ್ವಾ, ನೀ ಮುಲ್ಕಿ ಪರೀಕ್ಷಾ ಪಾಸಾಗಿ ಓದು ಬರಹ ಕಲಿತಾಕಿ. ದಶರಥಗ ಒಂದು ತಾರು ಬರದು ಕೊಡು. ಅಪ್ಪ ಸತ್ತ, ಬಾ ಅಂತ.”

“ಜಡ್ಡು ಅಂತ ಬರೀಲೇನ್ರಿ?”

“ಜಡ್ಡಿಗೆಲ್ಲಾ ಮಿಲಿಟರ್ಯಾಗ ರಜಾ ಕೊಡಂಗಿಲ್ಲ. ಹೆಂಗೂ ಸತ್ತೀನಿ, ಅದು ಹಾಳಾಗಬಾರದು. ಅವ ರೈಲು ಇಳಿಯೂದರಾಗ ಎದುರಿಗೆ ನಾನ ನಿಂತಿರ್ತೀನಿ.”

ಒಲ್ಲೆ ಎನ್ನಬೇಕಿತ್ತು. ಆದರೆ ‘ನನಗ ಬಂದು ಹೇಳ್ರಿ’ ಎಂದ ಅತ್ತೆಯ ಮಾತು ಎದೆಯಲ್ಲಿ ಕುಳಿತಿತ್ತು. ಜೊತೆಗೆ ಕಿಡಿಗೇಡಿತನದಲ್ಲಿ ನಾನು ಮಾವನಿಗೆ ತಕ್ಕ ಸೊಸೆ. ತಂತಿ ಬರೆದುಕೊಟ್ಟೆ. ಅತ್ತೆಗೂ ಗಂಡನಿಗೂ ತುಟಿ ಬಿಚ್ಚಲಿಲ್ಲ.

ಕಾಶ್ಮೀರದಿಂದ ಬರಲು ಎಂಟು ದಿನ ಬೇಕೆಂದು ಮಾವ ಅಂದಾಜು ಹಾಕಿದ್ದ. ದಶರಥ ಆರನೆಯ ದಿನವೇ ಬಂದ. ಆ ದಿನ ಗಂಡನಿಗೆ ವಾರದ ರಜೆ, ನಾವೆಲ್ಲ ಬಿಜ್ಜರಗಿಯ ಕಣದಲ್ಲಿದ್ದೆವು. ಮಾಡಿದ ಹಲಗೆ ಸುಮ್ಮನೆ ಬಿದ್ದಿರುವುದನ್ನು ಮಾವ ಸಹಿಸುತ್ತಿರಲಿಲ್ಲ. ಇಬ್ರಾಹಿಂಪುರದ ಮನೆಗೆ ಬೀಗ ಕಂಡ ದಶರಥ, ಅಪ್ಪನ ಮಣ್ಣು ಹುಟ್ಟೂರಿನಲ್ಲೇ ಆಗಿರಬೇಕೆಂದುಕೊಂಡು ಟಿಕೋಟಾದ ಬಸ್ಸು ಹತ್ತಿದ್ದ.

ಹೊಲದ ದಾರಿಯಲ್ಲಿ ಮಿಲಿಟರಿ ಕೋಟಿನ ಮನುಷ್ಯನೊಬ್ಬ ಎಲೆಯಲ್ಲಿ ಸುತ್ತಿದ ಹೂಮಾಲೆ ಹಿಡಿದು ಬರುವುದನ್ನು ಮೊದಲು ನೋಡಿದವಳು ನಾನು. ಕೂಗಲು ಬಾಯಿ ತೆಗೆದೆ. ಅದೇ ಹೊತ್ತಿಗೆ ಮಾವ ಹೊಟ್ಟಿನ ನೆತ್ತಿಯಿಂದ ಹೊರಟ. ಎಂದೂ ಜಾರದವನು ಅಂದು ಬೀಳದೆ ಸರ್ರನೆ ಜಾರಿ ಬಂದು ಮಗನ ಕಾಲ ಬುಡಕ್ಕೇ ನಿಂತ.

“ಬಂದ್ಯಾ? ನೋಡಿದ್ಯಾ ಹೆಂಗ ಜಾರಿದೆ?” ಎಂದು ನಕ್ಕ.

ದಶರಥ ನಗಲಿಲ್ಲ. ಮಾಲೆಯಿಂದಲೇ ಅಪ್ಪನ ಭುಜಕ್ಕೆ ಎರಡು ಬಾರಿಸಿದ. ಆಮೇಲೆ ಅದೇ ಭುಜಕ್ಕೆ ಮುಖ ಒತ್ತಿ ಅಳತೊಡಗಿದ. “ಆರು ದಿನ ಆತು ಯಪ್ಪಾ, ಒಂದು ತುತ್ತು ಗಂಟಲಾಗ ಇಳಿದಿಲ್ಲ” ಎಂದ. ನನಗೆ ಮುಖ ಎತ್ತಲಾಗಲಿಲ್ಲ. ಆ ಮೂರು ಪದ ಬರೆಯುವಾಗ ರೈಲಿನಲ್ಲಿ ಕುಳಿತು ಅಳುವವನೊಬ್ಬ ಇರುತ್ತಾನೆಂದು ನಾನು ಯೋಚಿಸಿಯೇ ಇರಲಿಲ್ಲ.

ಅತ್ತೆ ಮೊರ ಚೆಲ್ಲಿ ಓಡಿಬಂದಳು. ಮಗನ ಮುಖ ನೋಡಿದಳು, ಮಾಲೆ ನೋಡಿದಳು, ಎಲ್ಲ ತಿಳಿಯಿತು.

“ಭಾಗಪ್ಪಾ!” ಎಂದು ಕೂಗಿದಳು. “ನನ್ನ ಮಗನ್ನ ಅಳಿಸಿಕೋತ ತಂದ್ಯಲ್ಲೋ ಭಾಗಪ್ಪಾ!”

ಕಣದಲ್ಲಿ ಎಲ್ಲರ ಕೈಗಳೂ ನಿಂತವು. ನಲವತ್ತು ವರ್ಷದಲ್ಲಿ ಒಮ್ಮೆಯೂ ಬಾರದ ಹೆಸರು. ಮಾವ ತಲೆ ತಗ್ಗಿಸಿ, “ಓ” ಎಂದ.

“ತಾರು ಬರದಾಕಿ ನಾನ ಅತ್ತಿ” ಎಂದೆ.

“ನಿನ್ನದು ಮನೀಗೆ ಹೋದ ಮ್ಯಾಲ” ಎಂದಳು. ಅಷ್ಟು ಹೊತ್ತಿಗೆ ಎರಡೂ ಕೈಯಲ್ಲಿ ಮಗನ ಮುಖ ಹಿಡಿದಾಗಿತ್ತು.

ರೊಟ್ಟಿ ತಿಂದ ಮೇಲೆ ದಶರಥನ ಸಿಟ್ಟು ಇಳಿಯಿತು. ಮಾವ ಮಾಡಿದ ಪಟ್ಟಿಗಳನ್ನು ತಿರುವಿ ನೋಡಿ, ಅವ್ವನ ಕಾಲಿಗೆ ಹಗ್ಗದಿಂದ ಬಿಗಿದು, ಹೊಟ್ಟಿನ ಮೇಲೆ ಹತ್ತಿಸಿದ. ತಾನು ಹಿಂದೆ ನಿಂತು ಅವಳ ಎರಡೂ ತೋಳು ಹಿಡಿದ. ಮಾವ ಕೆಳಗೆ ದಾರಿಗೆ ಅಡ್ಡ ಕುಳಿತು ಬಾಡಿದ ಮಾಲೆಯ ಹೂ ಬಿಡಿಸುತ್ತಿದ್ದ.

“ಏ ಭಾಗಪ್ಪಾ, ಅತ್ತಾಗ ಸರಿ!” ಎಂದು ಅತ್ತೆ ಮೇಲಿನಿಂದ ಕೂಗಿದಳು. “ನಾವು ಬರಾಕತ್ತೇವಿ.”