ಒಂದು ಹನಿ ಹೆಚ್ಚಿನ ಹಸಿರು

ಹಲ್ಲು ಕಟ್ಟುವವನಿಗೆ ಹಲ್ಲಪ್ಪ ಎಂದು ಹೆಸರಿಟ್ಟವರು ಪ್ಲಾಸ್ಟಿಕ್ ಮಾಡೆಲ್ ಮಾರುವ ಅಂಗಡಿಯ ಯಜಮಾನರು. ತಮಾಷೆಗೆ ಇಟ್ಟದ್ದು ಅಂಟಿಕೊಂಡುಬಿಟ್ಟಿತು. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನ ಪುಸ್ತಕದಲ್ಲಷ್ಟೇ ಉಳಿದಿದೆ. ಹಗಲೆಲ್ಲ ಅವನು ಡಾಕ್ಟರುಗಳು ಕಳಿಸಿದ ಅಚ್ಚುಗಳಿಗೆ ಕಟ್ಟುಹಲ್ಲು ಕೂರಿಸುತ್ತಾನೆ. ಹಲ್ಲೆಂದರೆ ಬಿಳಿ ತಾನೇ ಎನ್ನುವವರು ಅವನ ಮುಂದೆ ಹಾಗೆನ್ನಬಾರದು. ಚಹಾ ಕುಡಿದವರ ಬಿಳಿ ಬೇರೆ, ಹೊಗೆ ಸೇದಿದವರ ಬಿಳಿ ಬೇರೆ, ವಯಸ್ಸಾದವರ ಬಿಳಿಯಲ್ಲಿ ಬೂದಿಯ ಛಾಯೆ ಎಷ್ಟು, ಹಳದಿ ಎಷ್ಟು ಎಂದು ಅರ್ಧ ಗಂಟೆ ಕೊರೆಯುತ್ತಾನೆ.

ಸಂಜೆಯಾದರೆ ಮನೆಯ ಹಿಂದಿನ ಶೆಡ್ಡು. ಮದುವೆಯಾಗದ ಗಂಡಸಿಗೆ ಒಂದಲ್ಲ ಒಂದು ಚಟ ಇರಲೇಬೇಕೆಂದು ಲೋಕ ಹೇಳುತ್ತದೆ. ಇವನ ಚಟ ಪ್ಲಾಸ್ಟಿಕ್ ಕಿಟ್ಟುಗಳು. ಅಂಗೈಯಗಲದ ಲಾರಿ, ಬಸ್ಸು, ಜೀಪು, ಆಂಬುಲೆನ್ಸು. ಚೌಕಟ್ಟಿನಿಂದ ಬಿಡಿಭಾಗ ಕತ್ತರಿಸಿ, ಅಂಟಿಸಿ, ಕೂಡುಗೆರೆ ಕಾಣದಂತೆ ಪುಟ್ಟಿ ತುಂಬಿ ಉಜ್ಜಿ, ಏರ್‌ಬ್ರಷ್ಷಿನಲ್ಲಿ ಬಣ್ಣ ಊದಿ, ಅಷ್ಟೆಲ್ಲ ಚೆಂದ ಮಾಡಿದ ಮೇಲೆ ಅದನ್ನು ಕೈಯಾರೆ ಕೊಳಕು ಮಾಡುತ್ತಿದ್ದ. ಚಕ್ರಕ್ಕೆ ಕೆಸರು, ಹೊಗೆ ಕೊಳವೆಗೆ ಮಸಿ, ಬಾಗಿಲಿನ ಅಂಚಿಗೆ ತುಕ್ಕು. ಹೊಳೆಯುವ ಲಾರಿ ಮಕ್ಕಳೂ ಮಾಡುತ್ತಾರೆ. ಹತ್ತು ವರ್ಷ ದುಡಿದು ಬಿಸಿಲಲ್ಲಿ ಬೆಂದ ಲಾರಿ ಮಾಡಲಿ ನೋಡೋಣ ಎನ್ನುವುದು ಅವನ ಜಂಬ. ಜಂಬಕ್ಕೆ ಕಾರಣವೂ ಇತ್ತು. ಊರಿನಲ್ಲಿ ಈ ಹುಚ್ಚಿರುವ ಏಳೆಂಟು ಮಂದಿಯಲ್ಲಿ ಬಣ್ಣದ ವಿಷಯಕ್ಕೆ ಜಗಳ ಬಂದರೆ ಕೊನೆಗೆ ಕೇಳುತ್ತಿದ್ದದ್ದು ಹಲ್ಲಪ್ಪನನ್ನೇ.

ಮನೆಯ ಮಹಡಿಯಲ್ಲಿ ತಮ್ಮನ ಸಂಸಾರ. ತಮ್ಮ ಹದಿನಾಲ್ಕು ವರ್ಷ ಚಿಕ್ಕವನು. ಅಪ್ಪ ಅಮ್ಮ ಹೋದಾಗ ಇನ್ನೂ ಎರಡನೇ ಕ್ಲಾಸು. ಜಡೆ ಹಾಕುವುದೊಂದು ಬಿಟ್ಟು ತಾಯಿ ಮಾಡುವುದನ್ನೆಲ್ಲ ಅಣ್ಣನೇ ಮಾಡಿದ್ದ. ಅವನ ಜ್ವರ, ಅವನ ಪರೀಕ್ಷೆ, ಅವನ ಮದುವೆ ಎಂದು ಓಡಾಡುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಹೋಗಿತ್ತು. ಅದಕ್ಕೆ ಅವನು ಅತ್ತದ್ದಿಲ್ಲ. ತಮ್ಮನೆಂದರೆ ಅವನಿಗೆ ಪ್ರಾಣ.

ಆ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ತಮ್ಮ ಕಾರನ್ನು ನೇರ ಶೆಡ್ಡಿನ ಬಾಗಿಲಿಗೇ ತಂದು ನಿಲ್ಲಿಸಿದ. ಎಡಗಡೆಯ ಮಡ್‌ಗಾರ್ಡು ಮೊಣಕೈ ಹೋಗುವಷ್ಟು ಒಳಬಾಗಿತ್ತು, ಬಣ್ಣ ಕಿತ್ತಿತ್ತು.

"ಗೋಡೌನ್ ಗೇಟಿನ ಕಂಬಕ್ಕೆ ತಾಗಿಸಿಬಿಟ್ಟೆ ಅಣ್ಣ. ಇವಳು ತವರಿಂದ ಸಂಜೆ ಬರ್ತಾಳೆ, ನೋಡಿದ್ರೆ ನನ್ನ ಹಸಿ ಹಸಿ ತಿಂತಾಳೆ. ಗ್ಯಾರೇಜಿನವರು ಇವತ್ತು ಇಲ್ಲ. ನೀನೇ ಏನಾದ್ರೂ ಮಾಡು."

"ನಾನು ಮಾಡೋದು ಗೇಣುದ್ದದ ಕಾರು ಕಣೋ."

"ಇದೂ ಕಾರೇ ತಾನೆ? ಸ್ವಲ್ಪ ದೊಡ್ಡದು ಅಷ್ಟೆ."

ಅಣ್ಣ ನಕ್ಕ. ನಕ್ಕವನು ತೋಳು ಮಡಚಿದ. ಒಳಗಿನಿಂದ ಒತ್ತಿ ತಗ್ಗು ಎತ್ತಿದ, ಪುಟ್ಟಿ ಮೆತ್ತಿದ, ಉಪ್ಪುಕಾಗದದಲ್ಲಿ ಉಜ್ಜಿದ. ಉಜ್ಜುವಾಗ ಬೂದು ಬಣ್ಣದ ಮೇಲೆ ಹಳದಿ ಗೀರೊಂದು ಕಂಡಿತು. ಕಂಬ ಹಳದಿಯಾ ಎಂದು ಕೇಳಿದ. ಹೌದು ಎಂದ ತಮ್ಮ. ಆಮೇಲೆ ನಿಜವಾದ ಕೆಲಸ. ಆರು ವರ್ಷ ಬಿಸಿಲು ಕುಡಿದ ಬೂದು ಅದು, ಡಬ್ಬಿಯ ಬೂದು ಹೊಂದುವುದಿಲ್ಲ. ಬೂದು ಬಣ್ಣಕ್ಕೆ ನೀಲಿ ಮೂರು ಹನಿ, ಬೆಳ್ಳಿ ಪುಡಿ ಚಿಟಿಕೆ, ಹಸಿರು ಒಂದು ಹನಿ, ಕೊನೆಗೆ ಮುಪ್ಪು ಬರಿಸಲು ಕಂದು ಅರ್ಧ ಹನಿ. ಕಾರ್ಡಿನ ಮೇಲೆ ಬಳಿದು, ಒಣಗಿಸಿ, ಕಾರಿನ ಪಕ್ಕ ಹಿಡಿದು, ಮತ್ತೆ ಬೆರೆಸಿ, ಏಳನೇ ಕಾರ್ಡಿಗೆ ಹೊಂದಿತು. ಸಂಜೆ ನಾಲ್ಕಕ್ಕೆ ತಮ್ಮ ಬಂದು ಮಡ್‌ಗಾರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಡುಕಿದ.

"ಎಲ್ಲಿತ್ತು ಅಂತ ನನಗೇ ಗೊತ್ತಾಗ್ತಿಲ್ಲ ಅಣ್ಣ!"

ಆ ಮಾತಿಗೆ ಹಲ್ಲಪ್ಪ ಉಬ್ಬಿಹೋದ. ಪಾಪ, ಹೊಗಳಿಕೆಗೆ ಉಬ್ಬದವನು ಯಾರು?

ಆರು ಗಂಟೆಗೆ ಫೋನು ಬಂತು. ಯಜಮಾನರ ಮಗಳು ಆಸ್ಪತ್ರೆಯಲ್ಲಿದ್ದಾಳೆ. ಎಕ್ಸ್-ರೇ ತೆಗೆಯುವ ಕೆಲಸ ಅವಳದು, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಸ್ಕೂಟರಿನಲ್ಲಿ ಬರುವಾಗ ಯಾವುದೋ ಗಾಡಿ ಹೊಡೆದು ನಿಲ್ಲದೆ ಹೋಗಿದೆ. ಲಾರಿಯಂತೆ ಎಂದರು ಜನ. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಆದರೂ ಲಾರಿಯಂತೆ.

ಅವಳು ಹಲ್ಲಪ್ಪನ ಕಣ್ಮುಂದೆ ಬೆಳೆದವಳು. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಸಣ್ಣ ಸ್ಟಿಕ್ಕರುಗಳಿವೆಯಲ್ಲ, ಲಾರಿಯ ನಂಬರು, ಬಾಗಿಲ ಮೇಲಿನ ಬರಹ, ಅವನ್ನು ಅವಳಷ್ಟು ನೇರವಾಗಿ ಕೂರಿಸುವವರು ಇರಲಿಲ್ಲ. "ಹಲ್ಲು ಮಾಮ, ಉಸಿರು ಬಿಡಬೇಡ, ಹಾರಿಹೋಗುತ್ತೆ" ಎಂದು ಅವನನ್ನೇ ಗದರುತ್ತಿದ್ದಳು. ಒಂಬತ್ತು ದಿನ ಅವನು ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಹೋಗಿ ಯಜಮಾನರ ಪಕ್ಕದ ಬೆಂಚಿನಲ್ಲಿ ಕೂತ. ಮನೆಗೆ ಬಂದರೆ ತಮ್ಮ ಮೆಟ್ಟಿಲಲ್ಲೇ ಕಾದಿರುತ್ತಿದ್ದ. "ಹೇಗಿದ್ದಾಳೆ ಅಣ್ಣ?" ಎಂದು ಕೇಳುತ್ತಿದ್ದ. ತಮ್ಮನಿಗೆ ಎಷ್ಟು ಮರುಕ ಎಂದು ಅಣ್ಣನ ಮನಸ್ಸು ತುಂಬಿ ಬರುತ್ತಿತ್ತು. ಹತ್ತನೆಯ ದಿನ ಬೆಳಿಗ್ಗೆ ಅವಳು ಹೋದಳು.

ಮತ್ತೆರಡು ವಾರ ಕಳೆದು ಯಜಮಾನರು ಶೆಡ್ಡಿಗೆ ಬಂದರು. ಮನುಷ್ಯ ಅರ್ಧಕ್ಕೆ ಇಳಿದಿದ್ದರು. ಜೇಬಿನಿಂದ ಸಣ್ಣ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟರು. ಅದರೊಳಗೆ ಕಿರುಬೆರಳ ಉಗುರಿನಷ್ಟು ಬಣ್ಣದ ಚಕ್ಕೆ.

"ಆಸ್ಪತ್ರೆಯವರು ಅವಳ ಬಟ್ಟೆ ಕೊಟ್ಟಿದ್ರಲ್ಲ. ನಮ್ಮನೆಯವಳು ನಿನ್ನೆ ಧೈರ್ಯ ಮಾಡಿ ಗಂಟು ಬಿಚ್ಚಿದ್ಲು. ಕೋಟಿನ ಮಡಿಕೇಲಿ ಇದು ಸಿಕ್ತು. ಬೆಳ್ಳಿ ಮಿಂಚು ಇದೆ ನೋಡು. ಲಾರಿಗೆ ಯಾರು ಇಂಥ ಬಣ್ಣ ಹೊಡೀತಾರೆ? ಇದು ಕಾರು ಕಣೋ."

"ಪೊಲೀಸ್ನೋರಿಗೆ…"

"ಒಂದು ಚೂರು ಅವರಿಗೂ ಕೊಟ್ಟೆ. ಪರೀಕ್ಷೆಗೆ ಕಳಿಸಿದ್ರೆ ವರದಿ ಬರೋಕೆ ಆರು ತಿಂಗಳಂತೆ. ಬಣ್ಣದ ಡೀಲರು ಒಬ್ಬರಿದ್ದಾರೆ, ಸರಿಯಾದ ಶೇಡು ಕಾರ್ಡಿನ ಮೇಲೆ ದೊಡ್ಡದಾಗಿ ಬಳಿದು ತಂದುಕೊಟ್ರೆ ಯಾವ ಕಾರು, ಯಾವ ವರ್ಷದ್ದು ಅಂತ ಹೇಳ್ತೀನಿ ಅಂದ್ರು. ನಿನ್ನ ಕಣ್ಣಿಗಿಂತ ದೊಡ್ಡ ಪರೀಕ್ಷೆ ಇನ್ಯಾವುದಿದೆ? ಬಳಿದುಕೊಡು ಹಲ್ಲಪ್ಪ. ಅವಳಿಗೋಸ್ಕರ."

ಅವರು ಹೋದ ಮೇಲೆ ಹಲ್ಲಪ್ಪ ಚಿಮುಟದಲ್ಲಿ ಚಕ್ಕೆಯನ್ನು ಎತ್ತಿ ದೀಪದ ಕೆಳಗೆ ಹಿಡಿದ. ಬೂದು. ಅದರಲ್ಲಿ ನೀಲಿ. ಒಂದು ಹನಿಯಷ್ಟು ಹಸಿರು. ಮುಪ್ಪಿನ ಕಂದು. ಇಲ್ಲ, ಊರಲ್ಲಿ ಬೂದು ಕಾರು ನೂರಿವೆ ಎಂದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇಕೆ ಎಂದು ತನ್ನನ್ನೇ ಬೈದುಕೊಂಡ. ಆದರೂ ಕೈ ತಾನಾಗಿ ಆ ಭಾನುವಾರದ ಏಳನೇ ಕಾರ್ಡನ್ನು ಹುಡುಕಿ ತೆಗೆಯಿತು. ಚಕ್ಕೆಯನ್ನು ಅದರ ಮೇಲಿಟ್ಟ. ಚಕ್ಕೆ ಕಾಣೆಯಾಯಿತು. ಎಲ್ಲಿದೆ ಎಂದು ಬೆರಳಿನಿಂದ ತಡವಬೇಕಾಯಿತು.

ಅವಳ ಸ್ಕೂಟರು ಹಳದಿ. ಅದು ಅವನಿಗೆ ಗೊತ್ತಿರಲಿಲ್ಲವೇ? ಅಂಗಡಿಯ ಮುಂದೆ ಎರಡು ವರ್ಷದಿಂದ ನಿಲ್ಲುತ್ತಿದ್ದ ಸ್ಕೂಟರು. ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಆ ಗೀರು ಒಮ್ಮೆ ಕಣ್ಣ ಮುಂದೆ ಬಂದಿತ್ತು. ಕಂಬ, ಕಂಬ ಎಂದು ಅದನ್ನು ಓಡಿಸಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವನೂ ಕಣ್ಣು ಮುಚ್ಚಿಕೊಂಡಿದ್ದ, ಅಷ್ಟೇ.

ಮಹಡಿಗೆ ಹೋಗಿ ತಮ್ಮನನ್ನು ತಾರಸಿಗೆ ಕರೆದ. ಏನೂ ಹೇಳದೆ ಕವರನ್ನು ತೋರಿಸಿದ. ತಮ್ಮ ಕಟ್ಟೆಯ ಮೇಲೆ ಕುಸಿದು ಕೂತ.

"ಬಿಸಿಲು ಕಣ್ಣಿಗೆ ಹೊಡೀತಿತ್ತು ಅಣ್ಣ. ಏನೋ ತಗುಲ್ತು. ಮುಂದೆ ಹೋಗಿ ಕನ್ನಡೀಲಿ ನೋಡ್ದೆ, ಎದ್ದು ಕೂತಿದ್ಲು. ದೇವರಾಣೆ ಎದ್ದು ಕೂತಿದ್ಲು. ಯಾರಾದ್ರೂ ಬರ್ತಾರೆ ಅಂದ್ಕೊಂಡೆ."

"ಅವಳೇ ಅಂತ ಗೊತ್ತಿತ್ತಾ?"

"ಹೆಲ್ಮೆಟ್ ಹಾಕಿದ್ಲು. ಸಂಜೆ ನಿನಗೆ ಫೋನ್ ಬಂದಾಗ್ಲೇ ಗೊತ್ತಾಗಿದ್ದು."

"ಒಂಬತ್ತು ದಿನ ಉಸಿರಾಡ್ತಿದ್ಲಲ್ಲೋ! ದಿನಾ ಮೆಟ್ಟಿಲಲ್ಲಿ ನಿಂತು ಹೇಗಿದ್ದಾಳೆ ಅಂತ ಕೇಳ್ತಿದ್ದೆ."

"ಇನ್ನೇನು ಕೇಳ್ಲಿ ಅಣ್ಣ?"

ಹೊಡೆಯಬೇಕೆಂದು ಕೈ ಎತ್ತಿದ. ತಮ್ಮ ಏಳು ವರ್ಷದವನಾಗಿದ್ದಾಗಲೂ ಹೊಡೆಯದ ಕೈ ಈಗ ಹೊಡೆಯಲು ಕಲಿಯಲಿಲ್ಲ. ತಮ್ಮ ಆ ಕೈಯನ್ನೇ ಹಿಡಿದುಕೊಂಡ.

"ಎಲ್ಲಾ ನಿನ್ನ ಕೈಲೇ ಇದೆ. ಬಳಿಯೋನು ನೀನು. ಒಂದು ಹನಿ ಆಚೆ ಈಚೆ ಮಾಡಿದ್ರೆ ಬೇರೆ ಕಾರು ಹುಡುಕ್ತಾರೆ. ನನ್ನ ಬಿಟ್ಟುಕೊಡ್ತೀಯಾ ಅಣ್ಣ?"

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮೂರು ದಿನ ಕಟ್ಟುಹಲ್ಲಿನ ಕೆಲಸಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಶೆಡ್ಡಿನಲ್ಲಿ ಕೂತು ಬಣ್ಣ ಬೆರೆಸಿದ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ತಪ್ಪು ಮಾಡಲೆಂದೇ ಕೂತರೂ ಕೈ ಸರಿಯಾದ ಕಡೆಗೇ ಎಳೆಯುತ್ತಿತ್ತು. ಎರಡು ಸಲ ಬೆರೆಸಿದ್ದು ಹೊಂದಿಬಿಟ್ಟಿತು. ಎರಡೂ ಕಾರ್ಡು ಹರಿದ. ಮೂರನೆಯ ಸಲ ಕಣ್ಣು ಬೇರೆಡೆ ತಿರುಗಿಸಿ ಹಸಿರನ್ನು ಒಂದು ಹನಿ ಹೆಚ್ಚು ಹಾಕಿದ. ಒಣಗಿದ ಕಾರ್ಡನ್ನು ನೋಡಿ ಅವನಿಗೆ ಅಸಹ್ಯವಾಯಿತು. ಬಣ್ಣದ ಮೇಲೋ, ತನ್ನ ಮೇಲೋ, ಬಿಡಿಸಿ ಹೇಳಲಾರ.

ಅಂಗಡಿಯ ಶಟರು ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದ. ಸೂರಿನವರೆಗೆ ಕಿಟ್ಟಿನ ಡಬ್ಬಿಗಳು, ಒಂದು ತಿಂಗಳ ಧೂಳು. ಯಜಮಾನರು ಅವನ ಕೈಯಿಂದ ಕಾರ್ಡನ್ನೂ ಕವರನ್ನೂ ತೆಗೆದುಕೊಂಡು ಕಾರ್ಡಿನ ಮೇಲೆ ಚಕ್ಕೆ ಇಟ್ಟರು. ಟ್ಯೂಬ್‌ಲೈಟಿನಡಿ ನೋಡಿದರು. ಆಮೇಲೆ ಶಟರಿನ ಬಳಿ ಹೋಗಿ ಬಿಸಿಲಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

"ಹತ್ತಿರ ಇದೆ ಯಜಮಾನ್ರೇ," ಎಂದ ಹಲ್ಲಪ್ಪ. "ಚಕ್ಕೆ ಚಿಕ್ಕದಲ್ವಾ, ಅದಕ್ಕೇ…"

"ಹತ್ತಿರ ಅನ್ನೋ ಮಾತು ನಿನ್ನ ಬಾಯಲ್ಲಿ ಇವತ್ತೇ ಕೇಳಿದ್ದು ನಾನು."

ಯಜಮಾನರು ಕಾರ್ಡನ್ನು ಮತ್ತೊಮ್ಮೆ ಬಿಸಿಲಿಗೆ ತಿರುಗಿಸಿದರು.

"ಹಸಿರು ಒಂದು ಹನಿ ಹೆಚ್ಚಾಗಿದೆ. ಪೊರೆ ಬಂದಿರೋ ನನ್ನ ಕಣ್ಣಿಗೇ ಕಾಣ್ತಿದೆ. ನಿನಗೆ ಕಾಣಲಿಲ್ವಾ?"

"ಮನಸ್ಸು ಸರಿ ಇರ್ಲಿಲ್ಲ. ಕೈ ನಡುಗ್ತಿತ್ತು."

"ಕೈ ನಡುಗಿದ್ರೆ ಗೆರೆ ಸೊಟ್ಟ ಆಗುತ್ತೆ. ಬಣ್ಣ ಕೆಡಲ್ಲ." ಯಜಮಾನರು ಕಾರ್ಡನ್ನು ಗಲ್ಲಾಪೆಟ್ಟಿಗೆಯ ಮೇಲೆ ಮೆಲ್ಲಗೆ ಇಟ್ಟರು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಇಪ್ಪತ್ತು ವರ್ಷದಿಂದ ನಿನಗೆ ಬಣ್ಣ ಮಾರಿದೀನಿ. ಅರ್ಧ ಛಾಯೆ ತಪ್ಪಿದೆ ಅಂತ ಮುಗಿದ ಬಸ್ಸನ್ನೇ ಥಿನ್ನರಲ್ಲಿ ಮುಳುಗಿಸಿದೋನು ನೀನು. ನೀನು ತಪ್ಪಲ್ಲ. ತಪ್ಪಿಸಿದೀಯ. ಯಾರಿಗೋಸ್ಕರ?"

ಉತ್ತರವನ್ನು ಹೇಳುವ ಕಷ್ಟವನ್ನೂ ಯಜಮಾನರು ಅವನಿಗೆ ಕೊಡಲಿಲ್ಲ.

"ನಿನಗೆ ಅಂತ ಇರೋನು ಒಬ್ಬನೇ," ಎಂದರು. ಹೇಳಿ, ಕುರ್ಚಿಗೆ ಕೈ ತಡಕಿ ಕೂತರು. "ಅವನ ಮದುವೇಲಿ ಅವಳು ಮನೆಯೆಲ್ಲ ಓಡಾಡಿದ್ಲು."

ಹಲ್ಲಪ್ಪ ನೆಲದ ಮೇಲೆ, ಡಬ್ಬಿಗಳ ನಡುವೆ ಕೂತುಬಿಟ್ಟ. ಅಳು ಬಂತು, ಮೂಗು ಒರೆಸಿಕೊಳ್ಳುತ್ತಲೇ ಹೇಳಿದ. "ಅವತ್ತೇ ಬೆಳಿಗ್ಗೆ ಕಾರು ತಂದಿಟ್ಟ. ಕಂಬ ಅಂದ. ನಾನೇ ಉಜ್ಜಿದೆ, ಯಜಮಾನ್ರೇ. ಅವಳ ಸ್ಕೂಟರಿನ ಬಣ್ಣ ಅಂಟಿತ್ತು, ಅದನ್ನೂ ನಾನೇ ಉಜ್ಜಿ ತೆಗೆದೆ. ನಾನೇ ಬಣ್ಣ ಹೊಡೆದೆ. ನೀವು ಫೋನ್ ಮಾಡೋಕೆ ಮುಂಚೆ ಎಲ್ಲಾ ಮುಗಿಸಿದ್ದೆ."

ಹೊರಗೆ ಯಾರೋ ಶಟರು ತಟ್ಟಿ, ಅಂಗಡಿ ತೆಗೆದಿದೆಯಾ ಎಂದು ಕೇಳಿದರು. ಮತ್ತೊಮ್ಮೆ ತಟ್ಟಿ ನೋಡಿದರು. ಕೇಳಿದವರು ಹೋದರು.

"ನೋಡಿದ್ರೆ ಗೊತ್ತಾಗುತ್ತಾ?" ಎಂದರು ಯಜಮಾನರು.

"ಏನು?"

"ಹೊಡೆದ ಜಾಗ. ಹತ್ತಿರದಿಂದ ನೋಡಿದ್ರೆ ಗೊತ್ತಾಗುತ್ತಾ?"

ಈ ಪ್ರಶ್ನೆಯನ್ನು ಯಜಮಾನರು ಅವನಿಗೆ ನೂರು ಸಲ ಕೇಳಿದ್ದರು, ಕೂಡುಗೆರೆ ಮುಚ್ಚಿದ ಬಸ್ಸು ಲಾರಿಗಳನ್ನು ಕೈಯಲ್ಲಿ ತಿರುಗಿಸುತ್ತ. ನೂರು ಸಲವೂ ಅವನು ನಗುತ್ತ ಉತ್ತರಿಸಿದ್ದ.

"ಇಲ್ಲ," ಎಂದ. "ಯಾರಿಗೂ ಗೊತ್ತಾಗಲ್ಲ."

"ಹಾಗಾದ್ರೆ ನೀನೇ ಬಂದು ತೋರಿಸ್ಬೇಕು. ಬೇರೆ ಯಾರಿಂದಾನೂ ಆಗಲ್ಲ."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಚಕ್ಕೆಯನ್ನು ಕವರಿಗೆ ಹಾಕಿ ಜೇಬಿಗಿಟ್ಟುಕೊಂಡರು. ಹಲ್ಲಪ್ಪ ಮೊಣಕಾಲು ಹಿಡಿದು ಎದ್ದು ಹೊರಬಂದ. ಮನೆ ಬಲಕ್ಕೆ, ಠಾಣೆ ಎಡಕ್ಕೆ. ತಮ್ಮ ಈ ಹೊತ್ತಿಗೆ ಊಟಕ್ಕೆ ಬಂದು ಮೆಟ್ಟಿಲಲ್ಲಿ ಅಣ್ಣನಿಗಾಗಿ ಕಾಯುತ್ತಿರುತ್ತಾನೆ. ಯಜಮಾನರು ಶಟರು ಎಳೆಯಲು ಹೋದರು. ಒಬ್ಬರ ಕೈಯಲ್ಲಿ ಅದು ಅಲುಗಲಿಲ್ಲ. ಹಲ್ಲಪ್ಪ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ನೆಲಮುಟ್ಟ ಎಳೆದು, ಬೀಗ ಹಾಕಿ, ಎಡಕ್ಕೆ ನಡೆದರು.