ಬೀಗರ ಮಾಳಿಗೆ

ನೀರು ಮೆಟ್ಟಿಲಿಳಿದು ಬರುತ್ತಿತ್ತು. ಬರೀ ನೀರಲ್ಲ, ಮಜ್ಜಿಗೆಯಂಥ ಬಿಳಿಮಣ್ಣಿನ ರಾಡಿ. ಖೂಬಾ ಪ್ಲಾಟ್ ಬಡಾವಣೆಯ ಬೀಗರ ಮನೆಯ ಪಡಸಾಲೆಯಲ್ಲಿ ಖಂಡೆಪ್ಪ ಧೋತರವನ್ನು ಮೊಣಕಾಲ ತನಕ ಎತ್ತಿ ಹಿಡಿದು ನಿಂತಿದ್ದ. ಮಗಳು ಸುನಂದಾ ಗಾದಿ, ದಿಂಬು, ಮೆಟ್ಟಿಲ ಕೆಳಗಿನ ಜೋಳದ ಚೀಲ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದಾಡುತ್ತಿದ್ದಳು. ಚೀಲದ ಬುಡ ಆಗಲೇ ತೊಯ್ದು ಹೋಗಿತ್ತು.

"ಪೈಪಿನ ಬಾಯಿ ಕಟ್ಟ್ಯಾದ ಯಪ್ಪಾ. ಮಾಳಿಗಿ ಮ್ಯಾಲ ಕೆರಿ ಆಗ್ಯಾದ," ಎನ್ನುತ್ತ ಅವಳು ಮೇಲಕ್ಕೆ ಓಡಿದಳು.

ಪೈಪು ಯಾಕೆ ಕಟ್ಟಿತೆಂದು ಇಬ್ಬರಿಗೂ ಗೊತ್ತಿತ್ತು.

ಖಂಡೆಪ್ಪ ಕಣ್ಣಿನ ಪೊರೆ ತೋರಿಸಲು ಕಮಲಾಪುರದಿಂದ ಬಂದವನು. ಸೇಡಂ ರಸ್ತೆಯ ಆಸ್ಪತ್ರೆಯವರು ಆಪರೇಶನ್ನಿಗೆ ದಿನ ಕೊಡುವ ತನಕ ಮಗಳ ಮನೆಯಲ್ಲಿ ಉಳಿದಿದ್ದ. ಬೀಗರ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದೆಂದರೆ ಅವನಿಗೆ ತುತ್ತು ಗಂಟಲಲ್ಲಿ ಇಳಿಯದು. ಬೀಗತಿ ವಿಮಲಾಬಾಯಿ ಬಿಸಿ ರೊಟ್ಟಿಯನ್ನು ಮೊದಲು ಇವನ ತಾಟಿಗೇ ಹಾಕುತ್ತಿದ್ದಳು, ಅದರಿಂದ ಸಂಕೋಚ ಇನ್ನಷ್ಟು ಹೆಚ್ಚುತ್ತಿತ್ತು. ಹೀಗಿರುವಾಗ ದೇವರ ಕೋಣೆಯ ಮೂಲೆಯಲ್ಲಿ ಮಳೆ ಸೋರುವುದು ಕಣ್ಣಿಗೆ ಬಿತ್ತು ನೋಡಿ, ಮುದುಕನಿಗೆ ಜೀವ ಬಂದಂತಾಯಿತು.

ಊರಲ್ಲಿ ತನ್ನ ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಮುಂಗಾರಿನ ಮೊದಲ ಮಿರಗದ ಮಳೆಗೆ ಮುಂಚೆ ಕರಲು ಮಣ್ಣು ಹಾಕಿ ಬಡಿಯುವವನು ಅವನೇ. ಉಪ್ಪುಪ್ಪಾದ ಆ ಬಿಳಿಮಣ್ಣು ನೀರು ಬಿದ್ದಷ್ಟೂ ಗಟ್ಟಿಯಾಗಿ ಕೂತು ಹನಿಯನ್ನೂ ಒಳಗೆ ಬಿಡುವುದಿಲ್ಲ. ವಿಮಲಾಬಾಯಿ ನಿನ್ನೆ ತಂಗಿಯ ಮನೆಗೆಂದು ಹೊರಟದ್ದೇ ತಡ, ಕಮಲಾಪುರಕ್ಕೆ ಹೋಗಿ ಟಂಟಂ ಗಾಡಿ ತುಂಬ ಆ ಮಣ್ಣು ತಂದುಬಿಟ್ಟ.

"ಯಪ್ಪಾ, ಇದು ಸಿಮೆಂಟಿನ ಸ್ಲ್ಯಾಬ್ ಅದ. ಅತ್ತಿ ಬರ್ಲಿ, ಒಂದ್ ಮಾತು ಕೇಳಿ ಹಾಕಾಮ," ಎಂದಿದ್ದಳು ಸುನಂದಾ.

"ಮಾಳಿಗಿ ಅಂದ್ರ ಮಾಳಿಗೀನೇ. ನನಗ ಹೇಳಾಕ ಬರಬ್ಯಾಡ. ನಮ್ಮ ಮನ್ಯಾಗ ಎಂದರ ಒಂದ್ ಹನಿ ಸೋರಿದ್ದು ನೋಡೀಯೇನು?"

ಹಾಗೆಂದವನೇ ಮಣ್ಣನ್ನು ಮಾಳಿಗೆಯ ತುಂಬ ಹರಡಿ ಬಡಿದುಬಿಟ್ಟಿದ್ದ. ಸಿಮೆಂಟು ಮಾತ್ರ ಅವನ ಹಿರಿತನಕ್ಕೆ ಮರ್ಯಾದೆ ಕೊಡಲಿಲ್ಲ. ಇವತ್ತಿನ ಮಧ್ಯಾಹ್ನದ ಮಳೆ ಸ್ಲ್ಯಾಬಿಗೆ ಅಂಟದ ಆ ಮಣ್ಣನ್ನೆಲ್ಲ ಬಳಿದು ತಂದು ನೀರು ಹೋಗುವ ಪೈಪಿಗೆ ತುರುಕಿತು. ಸುತ್ತ ಗೋಡೆಯಿದ್ದ ಮಾಳಿಗೆಯಲ್ಲಿ ನೀರು ನಿಂತು, ಏರಿ, ಹೊಸ್ತಿಲು ದಾಟಿ ಒಳಗಿನ ಮೆಟ್ಟಿಲು ಹಿಡಿಯಿತು.

ಮಳೆ ನಿಲ್ಲುವ ಹೊತ್ತಿಗೆ ವಿಮಲಾಬಾಯಿ ಆಟೋ ಇಳಿದು ಬಂದಳು. ಬಾಗಿಲಲ್ಲೇ ಚಪ್ಪಲಿ ರಾಡಿಯಲ್ಲಿ ಹೂತಿತು. ಮೇಲೆ ಹೋಗಿ ನೋಡಿ ಇಳಿದವಳ ಮುಖ ಕೆಂಪಾಗಿತ್ತು.

"ಮಾಳಿಗಿ ಮ್ಯಾಲ ಮಣ್ಣ ಯಾರು ಹಾಕ್ಯಾರ?"

ಖಂಡೆಪ್ಪ ಬಾಯಿ ತೆರೆದ.

"ನಾನೇ ಅತ್ತಿ," ಎಂದಳು ಸುನಂದಾ. "ದೇವರ ಖೋಲಿ ಸೋರ್ತಿತ್ತಲ್ಲ, ನಾನೇ ಅಪ್ಪಗ ಹೇಳಿ ತರಿಸೀನಿ. ಸ್ಲ್ಯಾಬಿಗಿ ಬ್ಯಾಡವ್ವಾ, ಅತ್ತೀಗಿ ಕೇಳು ಅಂತ ಅಪ್ಪ ಬಡ್ಕೊಂಡ. ನಾ ಕೇಳಲಿಲ್ಲ."

ತಾನು ಆಡಿದ ಮಾತನ್ನು ಅಪ್ಪನಿಗೆ ಕೊಟ್ಟು, ಅಪ್ಪನ ಹಟವನ್ನು ತನ್ನ ಮೇಲೆ ಹಾಕಿಕೊಂಡಿದ್ದಳು. ಅಲ್ಲವೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಖಂಡೆಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ತೆರೆದ ಬಾಯಿಯನ್ನು ಮುಚ್ಚಿಕೊಂಡ.

"ನಾಲ್ಕಕ್ಷರ ಓದಿದಾಕಿ ಹೌದಲ್ಲ ನೀ? ಸ್ಲ್ಯಾಬ್ ಮ್ಯಾಲ ಮಣ್ಣ ಹಾಕ್ತಾರೇನು?" ವಿಮಲಾಬಾಯಿಯ ದನಿ ಓಣಿಗೆ ಕೇಳುವಂತಿತ್ತು. "ವರ್ಷದ ಜೋಳ ನೀರಾಗ ಹೋಯ್ತು. ಶಿವಶರಣ ಬಂದ ಮ್ಯಾಲ ಅವಗ ನೀನೇ ಹೇಳು. ಇನ್ನ ಮುಂದ ನನ್ನ ಕೇಳಲಾರದ ಈ ಮನ್ಯಾಗ ಒಂದ್ ಕಡ್ಡಿ ಸರಸಬ್ಯಾಡ."

ಗಂಡನ ಹೆಸರು ಬಂದದ್ದೇ ಸುನಂದಾ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಂಡು ಮೆಟ್ಟಿಲ ರಾಡಿ ಬಳಿಯಲು ಹೋದಳು.

ವಿಮಲಾಬಾಯಿ ಸೆರಗಿನಿಂದ ಕುರ್ಚಿ ಒರೆಸಿದಳು. "ನೀವು ಕೂಡ್ರಿ ಬೀಗರ. ಪಾಪ, ಮಗಳು ಹಟ ಹಿಡಿದ್ರ ನೀವರ ಏನ್ ಮಾಡ್ತೀರಿ." ಅಷ್ಟೆಲ್ಲ ಸಿಟ್ಟಿನಲ್ಲೂ ಒಳಗೆ ಹೋಗಿ ಚಹಾ ಮಾಡಿ ತಂದಳು. ಕಪ್ಪನ್ನು ಅವನ ಕೈಗಿಟ್ಟು ನಿಟ್ಟುಸಿರು ಬಿಟ್ಟಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದ್ ಮಾತು ಹೇಳ್ತೀನಿ. ನಿಮ್ಮ ಬುದ್ಧಿ ನಿಮ್ಮ ಮಗಳಿಗಿ ಬಂದಿಲ್ಲ ಬಿಡ್ರಿ."

ಈಗಲಾದರೂ ಹೇಳಬೇಕೆಂದು ಖಂಡೆಪ್ಪ ತಲೆ ಎತ್ತಿದ.

"ಹೌದ್ರಿ," ಎಂದ.

ಸುನಂದಾ ಬುಟ್ಟಿ ಹಿಡಿದು ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಳು. ಕೇಳಿಸಿತ್ತು. ಬಂದು ಅವನ ಕುರ್ಚಿಯ ಹತ್ತಿರ ಕೂತಳು.

"ಜರಾ ಕಾಲೆತ್ತು ಯಪ್ಪಾ," ಎಂದು ಕೆಳಗಿನ ಕೆಸರು ಬಳಿಯತೊಡಗಿದಳು.

ಖಂಡೆಪ್ಪ ಕೈಯಲ್ಲಿ ಕಪ್ಪು ಹಿಡಿದು, ಎರಡೂ ಕಾಲು ಮೇಲೆತ್ತಿಕೊಂಡು ಕೂತ.