ಬೇಲಿಗೆ ಹೊಡೆದ ಮದ್ದು

ಧಾರೇಶ್ವರದ ಗಣಪಿಯ ಅಂಗಳಕ್ಕೆ ಬಾರದ ಹಕ್ಕಿ ಇಡೀ ಕುಮಟಾ ತಾಲೂಕಿನಲ್ಲೇ ಇರಲಿಲ್ಲ. ಹಾಗೆಂದು ಗಣಪಿಯೇ ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಪೇಟೆಯಿಂದ ತಂದ ಬಣ್ಣದೆಲೆಯ ಗಿಡಗಳನ್ನೆಲ್ಲ ಕಿತ್ತು, ಬೆಟ್ಟದ ಕೇಪಳ, ಕವಳಿ, ನೇರಳೆಗಳನ್ನು ಬೇಲಿಯುದ್ದಕ್ಕೂ ನೆಟ್ಟಿದ್ದಳು. ಬೇಸಿಗೆಯಲ್ಲಿ ಹಣ್ಣಿಗೆ ಬರುವ ಪಿಕಳಾರ ಹಕ್ಕಿಗಳ ಗದ್ದಲಕ್ಕೆ ಸತ್ತವರೂ ಎದ್ದು ಕೂರಬೇಕು, ನನ್ನ ಗಂಡ ಮಾತ್ರ ಏಳಲಿಲ್ಲ, ಬದುಕಿದ್ದಾಗಲೂ ಅವ ಎದ್ದವನಲ್ಲ ಎಂದು ನಗುತ್ತಿದ್ದಳು.

ಪಕ್ಕದ ಮನೆಯ ಮಹಾಬಲನ ಅಂಗಳಕ್ಕೆ ತುದಿಯಿಂದ ತುದಿಗೆ ಟೈಲ್ಸ್. ಅಲ್ಲಿ ಇಳಿದ ಕಾಗೆಯೊಂದು ಜಾರಿ ಬಿದ್ದು ಕಾಲು ಮುರಿದುಕೊಂಡಿತೆಂದು ಗಣಪಿ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಮಹಾಬಲ ಅದಕ್ಕೂ ನಕ್ಕಿದ್ದ.

ಅಂದು ಬೆಳಿಗ್ಗೆ ಗಣಪಿ ರಜೆಗೆ ಬಂದ ಮಗಳ ಮಗಳು ಅರ್ಚಿತಾಳನ್ನು ಕರೆದುಕೊಂಡು ಕುಮಟೆಯ ಸಂತೆಗೆ ಹೋಗಿದ್ದಳು. ಮನೆಗೆ ಬಂದದ್ದೇ ಕೂಸು ಬೇಲಿಯತ್ತ ಓಡಿ, ಕೈತುಂಬ ಕೇಪಳ ಹಣ್ಣು ಕೊಯ್ದು ತಿಂದು, ಕೆಂಪಾದ ನಾಲಗೆ ಚಾಚಿ ತೋರಿಸಿತು. ಹಕ್ಕಿಗಳಿಗೂ ನಾಲ್ಕು ಉಳಿಸೆಂದು ಅಜ್ಜಿ ಗದರಿದಳು. ಉಂಡ ಮೇಲೆ ಕೂಸು ಜಗಲಿಯಲ್ಲೇ ಮಲಗಿತು.

ಆಗ ಮಹಾಬಲ ಬೇಲಿಯಾಚೆ ನಿಂತು ಕರೆದ. ಅವರು ಸಂತೆಗೆ ಹೋಗಿದ್ದಾಗ ತನ್ನ ಬದಿಗೆ ಹೊಡೆಯುತ್ತ ಅವಳ ಬೇಲಿಗೂ ಒಂದು ಸುತ್ತು ಮದ್ದು ಹೊಡೆದಿದ್ದಾಗಿ ಹೇಳಿದ.

"ಎಂತಕ್ಕೆ ಮಾರಾಯಾ? ನನ್ನ ಬೇಲಿಗೆ ಜ್ವರ ಬಂದಿತ್ತನಾ?"

"ಅಲ್ಲ ಗಣಪಕ್ಕಾ, ಬುಡದಲ್ಲೆಲ್ಲ ಹುಲ್ಲು ಬೆಳ್ದಿತ್ತಲ. ಹುಲ್ಲು ಸಾಯೋ ಮದ್ದು."

ಗಣಪಿ ನಗಲು ತೆರೆದ ಬಾಯಿ ಹಾಗೇ ನಿಂತಿತು. ಜ್ವರಕ್ಕೂ ಮದ್ದು, ಅಡಿಕೆಗೂ ಮದ್ದು, ಕೊಲ್ಲುವುದಕ್ಕೂ ಅದೇ ಮದ್ದು. ತಿರುಗಿ ನೋಡಿದರೆ ಜಗಲಿಯಲ್ಲಿ ಕೂಸು ಅಲುಗಾಡದೆ ಬಿದ್ದಿತ್ತು. ತುಟಿಯ ಮೇಲೆ ಇನ್ನೂ ಆ ಕೆಂಪು.

ಓಡಿದಳು. ಭುಜ ಹಿಡಿದು ಅಲ್ಲಾಡಿಸಿದಳು. ಅರ್ಚಿತಾ ಕಣ್ಣು ತೆರೆಯಲಿಲ್ಲ. ಮತ್ತೆ ಅಲ್ಲಾಡಿಸಿದಳು. ಕೊನೆಗೆ ಮುಖಕ್ಕೆ ನೀರು ಎರಚಿದಾಗ ಅದು ಮುಲುಗಿ, ಅರೆಗಣ್ಣು ಬಿಟ್ಟು, ಪುನಃ ಅವಳ ಹೆಗಲಿಗೆ ಜೋತುಬಿದ್ದಿತು. ಅದು ನಿದ್ದೆಯೋ ಮತ್ತೆಂತದೋ ಗಣಪಿಗೆ ತಿಳಿಯಲಿಲ್ಲ.

"ಹಣ್ಣು ತಿಂದಿದು, ಮಹಾಬಲಾ. ಆ ಬೇಲಿದೇ ತಿಂದಿದು."

ಮಹಾಬಲನ ಮುಖ ಸುಣ್ಣವಾಯಿತು. ಮದ್ದಿನ ಬಾಟಲಿ ಹಿಡಿದುಕೊಂಡೇ ಬೈಕ್ ತೆಗೆದ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ನುಗ್ಗುವಾಗ ಗಣಪಿ ಕೂಸಿನ ಮೂಗಿನ ಬಳಿ ಬೆರಳಿಟ್ಟುಕೊಂಡೇ ಕೂತಿದ್ದಳು. ಗಾಳಿಗೆ ಉಸಿರಿನ ಬಿಸಿ ಗೊತ್ತೇ ಆಗುತ್ತಿರಲಿಲ್ಲ. ಧಾರೇಶ್ವರದಿಂದ ಗೋಕರ್ಣದವರೆಗಿನ ದೇವರಿಗೆಲ್ಲ ಹರಕೆ ಹೊತ್ತಳು. ಹೊತ್ತಷ್ಟು ಕಾಯಿ ಒಡೆದರೆ ತಾಲೂಕಿನಲ್ಲಿ ಸಾರಿಗೂ ಕಾಯಿ ಉಳಿಯುತ್ತಿರಲಿಲ್ಲ.

ಕುಮಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿ ಓದಿ, ಕೂಸಿನ ಬಾಯಿ ತೊಳೆಸಿ, ರಕ್ತ ತೆಗೆದು, ಮಂಚದ ಮೇಲೆ ಮಲಗಿಸಿದರು. ವಾಂತಿಯಾದರೆ ಕೂಡಲೇ ಹೇಳಿ ಎಂದರು. ಗಣಪಿ ಮಂಚದ ಕಾಲು ಹಿಡಿದು ಕೂತಳು. ಕೂಸು ಕೆಮ್ಮಿದರೆ ಅವಳ ಜೀವ ಬಾಯಿಗೆ ಬರುತ್ತಿತ್ತು; ಕೆಮ್ಮದಿದ್ದರೆ ಇನ್ನೂ ಹೆದರಿಕೆ. ಮಗಳು ಫೋನು ಮಾಡಿದಾಗ ಅದನ್ನು ಮಹಾಬಲನ ಕೈಗೆ ಕೊಟ್ಟಳು.

ಇಳಿಹೊತ್ತಿಗೆ ಕೂಸು ಎದ್ದು ಕೂತು ಬಿಸ್ಕೀಟು ಕೇಳಿತು. ಮೈಗೆ ಹೋದದ್ದು ತೀರಾ ಸ್ವಲ್ಪ, ಮನೆಗೆ ಕರೆದುಕೊಂಡು ಹೋಗಿ, ಆದರೆ ಆ ಹಣ್ಣು ಇನ್ನು ಮುಟ್ಟಿಸಬೇಡಿ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಮಹಾಬಲ ತಲೆಯೆತ್ತಲಿಲ್ಲ. ಗಣಪಿ ಅವನನ್ನು ಕೆಣಕದೆ ಕೂಸನ್ನೆತ್ತಿಕೊಂಡು ಬೈಕ್ ಹತ್ತಿದಳು.

ಮನೆ ಮುಟ್ಟಿ ಕೂಸನ್ನು ಒಳಗೆ ಕೂರಿಸಿ ಹೊರಗೆ ಬಂದಳು. ಗೂಡಿಗೆ ಹೋಗುವ ಮುಂಚೆ ಪಿಕಳಾರಗಳು ಬೇಲಿಗೆ ಮುತ್ತಿದ್ದವು. ಹಣ್ಣು ಮುಟ್ಟಬೇಡವೆಂದು ಕೂಸಿಗಾದರೆ ಹೇಳಬಹುದು.

ಗಣಪಿ ಹಗ್ಗದ ಮೇಲಿದ್ದ ಸೀರೆಗಳನ್ನೆಲ್ಲ ಎಳೆದು ಕೇಪಳದ ಮೇಲೆ ಹೊದಿಸಿದಳು. ಸಾಲದೆ ಹೋಗಿ ಹಾಸಿಗೆಯ ಚಾದರ ತಂದಳು. ಹಿತ್ತಾಳೆ ತಾಟು ಬಡಿಯುತ್ತ, "ಹೋಗಿ, ಹೋಗಿ, ಬರಬೇಡಿ" ಎಂದು ಬೇಲಿಯುದ್ದಕ್ಕೂ ಓಡಿದಳು. ಆಚೆಯಿಂದ ಮಹಾಬಲನೂ ಡಬ್ಬ ಬಡಿಯತೊಡಗಿದ.

ಹಕ್ಕಿಗಳು ಎದ್ದು ಹಾರಿದವು. ಒಂದು ಮಾತ್ರ ಕರೆಂಟಿನ ತಂತಿಯ ಮೇಲೆ ಕೂತಿತು. ಕೊಕ್ಕಿನಲ್ಲಿ ಹಣ್ಣಿತ್ತು. ಬಿಡೇ, ಬಿಟ್ಟುಬಿಡೇ ಎಂದು ಗಣಪಿ ತಾಟು ಬಡಿದಳು. ಅದು ಅವಳನ್ನೇ ನೋಡಿ, ಕತ್ತೆತ್ತಿ, ಹಣ್ಣನ್ನು ನುಂಗಿತು.